ಹೇಜ್ ಮಷಿನ್ ಹಾಕಿದ್ರೆ ಫೈರ್ ಅಲಾರಂ ಹೊಡ್ಕೊಳ್ಳುತ್ತಾ?

ಕತ್ತಲೆಬೆಳಕು:
ಎಲ್ರಿಗೂ ನಮಸ್ಕಾರ. ನಮ್ಮ ತಂಡದ ನಾಟಕಕ್ಕೆ ಲೈಟಿಂಗ್ ನಾನೇ ಮಾಡ್ತಿರೋದು, ಎರಡನೇ ಅಂಕದಲ್ಲಿ ಮೇಲಿಂದ ಬೀಳೋ ಬೆಳಕಿನ ಕೋಲುಗಳು ಗಾಳೀಲಿ ಎದ್ದು ಕಾಣ್ಬೇಕು, ಹೇಜ್ (ಮಷಿನ್‌ನಿಂದ ಗಾಳೀಲಿ ತೆಳ್ಳಗೆ ಹರಡೋ ಮಂಜಿನಂಥ ಹೊಗೆ) ಇಲ್ದೆ ಅದು ಆಗೋ ಮಾತಲ್ಲ. ಆದ್ರೆ ಈ ಸಲ ಸಿಕ್ಕಿರೋ ಹಾಲ್ ಹೊಸದು, ಪೂರ್ತಿ ಏಸಿ, ಸೀಲಿಂಗ್ ತುಂಬ ಬೆಂಕಿ ಪತ್ತೆ ಮಾಡೋ ಡಿಟೆಕ್ಟರ್‌ಗಳು. ಮ್ಯಾನೇಜರ್‌ನ ಕೇಳಿದ್ರೆ "ಸ್ವಲ್ಪ ಹಾಕೊಳ್ಳಿ ಪರವಾಗಿಲ್ಲ" ಅಂತಾರೆ, ಎಷ್ಟು ಸ್ವಲ್ಪ ಅಂತ ಅವ್ರಿಗೂ ಗೊತ್ತಿಲ್ಲ. ನಮ್ಮ ಹುಡುಗ್ರಲ್ಲಿ ಒಬ್ಬ ಡಿಟೆಕ್ಟರ್‌ಗೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ ಶೋ ಮುಗಿದ್ಮೇಲೆ ಬಿಚ್ಚೋಣ ಅಂತಿದಾನೆ. ಮಷಿನ್ ಬಾಡಿಗೆಗೆ ಕೊಡೋರು ನೋಡಿದ್ರೆ ಇದು ನೀರಿನ ಹೇಜ್, ಅಲಾರಂ ಆಗೋದೇ ಇಲ್ಲ ಅಂತಾರೆ. ಯಾರ ಮಾತು ಕೇಳ್ಲಿ? ಅಲಾರಂ ಹೊಡೆದ್ರೆ ಮೇಲಿಂದ ನೀರು ಸುರಿಯುತ್ತೆ ಅಂತ ಬೇರೆ ಹೆದರಿಸ್ತಿದಾರೆ.

ಪರದೆಹಿಂದೆ:
ಮೂರೂ ಜನರ ಮಾತೂ ಬಿಡಿ ಗುರೂ. ನೀರಿನ ಹೇಜ್ ಅಂತ ಕರೆಯೋದಷ್ಟೆ, ಅದ್ರಲ್ಲಿರೋದು ನೀರು, ಗ್ಲೈಕಾಲ್ ಅನ್ನೋ ರಾಸಾಯನಿಕ ಎರಡೂ ಬೆರೆಸಿದ ದ್ರವ. ಬಿಸಿಯಾಗಿ ಆವಿ ಆಗುತ್ತೆ, ಹೊರಗಿನ ತಣ್ಣನೆ ಗಾಳಿಗೆ ಬಂದ ತಕ್ಷಣ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತೆ. ಈಗ ಡಿಟೆಕ್ಟರ್ ಒಳಗೇನಿದೆ ನೋಡಿ. ಸಾಮಾನ್ಯವಾಗಿ ಹಾಕೋ ಆಪ್ಟಿಕಲ್ ಡಿಟೆಕ್ಟರ್‌ನಲ್ಲಿ ಒಂದು ಕತ್ತಲೆ ಗೂಡು, ಒಂದ್ಕಡೆ ಎಲ್‌ಇಡಿ, ಅದರ ಬೆಳಕು ನೇರವಾಗಿ ಬೀಳದ ಹಾಗೆ ಓರೆಯಾಗಿ ಕೂತಿರೋ ಸೆನ್ಸರ್. ಗೂಡೊಳಗೆ ಕಣಗಳು ಸೇರಿದ್ರೆ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತೆ, ಅಲಾರಂ ಹೊಡ್ಕೊಳ್ಳುತ್ತೆ. ನಿಮಗೆ ಸ್ಟೇಜ್ ಮೇಲೆ ಬೆಳಕಿನ ಕೋಲು ಕಾಣೋದೂ ಹೇಜ್ ಹನಿಗಳು ಬೆಳಕನ್ನ ಹಾಗೇ ಚದುರಿಸೋದ್ರಿಂದಾನೇ ಅಲ್ವಾ! ಅಂದ್ಮೇಲೆ ಕೋಲು ಚೆನ್ನಾಗಿ ಕಾಣ್ಬೇಕು, ಡಿಟೆಕ್ಟರ್‌ಗೆ ಮಾತ್ರ ಕಾಣ್ಬಾರ್ದು ಅನ್ನೋ ಹೇಜ್ ಎಲ್ಲೂ ಸಿಗಲ್ಲ, ಎಣ್ಣೆದಾಗ್ಲಿ ನೀರಿನದಾಗ್ಲಿ.

ನೀವು ಮೊದ್ಲು ಹಾಲ್‌ನೋರಿಂದ ತಿಳ್ಕೋಬೇಕಾಗಿರೋದು ಯಾವ ಟೈಪ್ ಡಿಟೆಕ್ಟರ್ ಎಲ್ಲೆಲ್ಲಿದೆ ಅಂತ. ಹೀಟ್ ಡಿಟೆಕ್ಟರ್ ಆದ್ರೆ ತಲೆನೋವೇ ಇಲ್ಲ, ಅದು ನೋಡೋದು ಶಾಖ ಮಾತ್ರ. ಎತ್ತರದ ಹಾಲ್‌ಗಳಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕಾಣದ ಬೆಳಕು ಹಾಯಿಸೋ ಬೀಮ್ ಡಿಟೆಕ್ಟರ್ ಇರುತ್ತೆ, ಅದಕ್ಕೆ ದಾರಿ ಉದ್ದಕ್ಕೂ ತೆಳ್ಳಗೆ ಹರಡಿರೋ ಹೇಜೂ ಸೇರಿಸಿ ಸೇರಿಸಿ ಲೆಕ್ಕ ಆಗ್ಬಿಡುತ್ತೆ. ಎಲ್ಲಕ್ಕಿಂತ ಸೂಕ್ಷ್ಮ ಅಂದ್ರೆ ಪೈಪಲ್ಲಿ ಗಾಳಿ ಎಳ್ಕೊಂಡು ಪರೀಕ್ಷೆ ಮಾಡೋ ಆಸ್ಪಿರೇಟಿಂಗ್ ಸಿಸ್ಟಂ, ಅದಿದ್ರೆ "ಸ್ವಲ್ಪ ಹಾಕೊಳ್ಳಿ" ಅನ್ನೋ ಮಾತಿಗೆ ಅರ್ಥವೇ ಇಲ್ಲ.

ಪ್ಯಾನಲ್‌ಮೇಸ್ತ್ರಿ:
ಅಲಾರಂ ಸರ್ವಿಸ್ ಕೆಲ್ಸ ನಂದು, ಅದಕ್ಕೇ ಹೇಳ್ತೀನಿ, ಕವರ್ ಕಟ್ಟೋ ವಿಚಾರ ಬಿಟ್ಬಿಡಿ. ಕವರ್ ಕಟ್ಟಿದ್ದು ಪ್ಯಾನಲ್‌ಗೆ (ಡಿಟೆಕ್ಟರ್‌ಗಳೆಲ್ಲ ಸೇರೋ ಅಲಾರಂ ಕಂಟ್ರೋಲ್ ಡಬ್ಬಿ) ಗೊತ್ತಾಗಲ್ಲ, ಅಲ್ಲಿ ಎಲ್ಲ ಸರಿ ಇದೆ ಅಂತಾನೇ ತೋರ್ಸುತ್ತೆ. ಸರ್ವಿಸ್‌ಗೆ ಹೋದಾಗ ಯಾವ್ದೋ ಕಾಲದ ಫಂಕ್ಷನ್‌ಗೆ ಕಟ್ಟಿದ ಕವರು ಹಳದಿ ಬಣ್ಣಕ್ಕೆ ತಿರುಗಿ ಧೂಳು ಹಿಡ್ಕೊಂಡು ಡಿಟೆಕ್ಟರ್ ಮೇಲೆ ಹಾಗೇ ಕೂತಿರೋದನ್ನ ನೋಡಿದೀನಿ, ಹಾಲ್‌ನೋರಿಗೆ ಸುದ್ದೀನೇ ಇಲ್ಲ. ಅಷ್ಟು ದಿನ ಆ ಜಾಗಕ್ಕೆ ರಕ್ಷಣೆನೇ ಇರ್ಲಿಲ್ಲ ಅಂತಾಯ್ತು.

ಸರಿಯಾದ ದಾರಿ ಪ್ಯಾನಲ್‌ನಲ್ಲಿ ಐಸೊಲೇಟ್ ಮಾಡ್ಸೋದು, ಅಂದ್ರೆ ಆ ಡಿಟೆಕ್ಟರ್‌ಗಳನ್ನ ತಾತ್ಕಾಲಿಕವಾಗಿ ಆಫ್ ಮಾಡ್ಸೋದು. ಕಟ್ಟಡದ ಜವಾಬ್ದಾರಿ ಇರೋರು ಅಥವಾ ಅವರ ಸರ್ವಿಸ್‌ನೋರು ಮಾಡ್ಬೇಕು, ನೀವಲ್ಲ, ನಿಮ್ಮ ಹುಡುಗ್ರಂತೂ ಅಲ್ವೇ ಅಲ್ಲ. ಐಸೊಲೇಟ್ ಆಗಿದ್ದಷ್ಟು ಹೊತ್ತೂ ಪ್ಯಾನಲ್ ಮೇಲೆ ದೀಪ ಉರೀತಾನೇ ಇರುತ್ತೆ, ಮರೆಯೋಕೆ ಬಿಡಲ್ಲ. ಅಡ್ರೆಸ್ಸೆಬಲ್ ಪ್ಯಾನಲ್ ಆದ್ರೆ ಸ್ಟೇಜ್ ಮೇಲಿರೋ ಡಿಟೆಕ್ಟರ್‌ಗಳನ್ನ ಒಂದೊಂದಾಗಿ ಆಫ್ ಮಾಡ್ಬಹುದು. ಹಳೇ ಕನ್ವೆನ್ಷನಲ್ ಪ್ಯಾನಲ್ ಆದ್ರೆ ಇಡೀ ಝೋನೇ (ಒಂದೇ ಲೈನಿಗೆ ಸೇರಿರೋ ಭಾಗ) ಹೋಗುತ್ತೆ, ಅದೇ ಝೋನಲ್ಲಿ ಗೋಡೆ ಮೇಲಿರೋ ಗಾಜು ಒಡೆದು ಒತ್ತೋ ಕೆಂಪು ಡಬ್ಬಿ ಇದ್ರೆ ಅದೂ ಸತ್ತಂಗೇ, ಇದನ್ನ ಬಹಳ ಜನ ಗಮನಿಸಲ್ಲ. ಅದಕ್ಕೆ ಡಿಟೆಕ್ಟರ್ ಬದ್ಲು ಮನುಷ್ಯರು ಕಾಯ್ಬೇಕು. ಕೈಯಲ್ಲಿ ವಾಕಿ, ಪಕ್ಕದಲ್ಲಿ ಎಕ್ಸ್‌ಟಿಂಗ್ವಿಷರ್, ಬೇರೆ ಯಾವ ಕೆಲ್ಸನೂ ಇಲ್ದೆ ಸ್ಟೇಜ್, ಮೇಲಿನ ಲೈಟ್ ಬಾರ್, ವಿಂಗ್ಸ್ (ಸ್ಟೇಜ್ ಪಕ್ಕದ ಮರೆ ಜಾಗ) ನೋಡ್ತಾ ನಿಲ್ಲೋ ಒಬ್ರು, ಪ್ಯಾನಲ್ ಹತ್ರ ಇನ್ನೊಬ್ರು. ಅಲಾರಂ ಹೊರಗಿನ ಮಾನಿಟರಿಂಗ್ ಸೆಂಟರ್‌ಗೆ ಕನೆಕ್ಟ್ ಆಗಿದ್ರೆ ಅವ್ರಿಗೂ ಮುಂಚೆ ಹೇಳಿರ್ಬೇಕು. ಎಷ್ಟು ಹೊತ್ತಿಗೆ ಆಫ್ ಮಾಡಿದ್ರು, ಎಷ್ಟು ಹೊತ್ತಿಗೆ ವಾಪಸ್ ಆನ್ ಮಾಡಿದ್ರು ಅಂತ ಲಾಗ್ ಬುಕ್‌ನಲ್ಲಿ ಬರೆಸಿ ಸೈನ್ ಹಾಕ್ಸಿ. ಶೋ ಮುಗಿದ ತಕ್ಷಣ ಆನ್ ಮಾಡೋಕೆ ಹೋಗ್ಬೇಡಿ, ಗಾಳೀಲಿ ಹೇಜ್ ಇನ್ನೂ ಇರುತ್ತೆ, ಜನ ಎದ್ದು ಹೋಗ್ತಿರೋವಾಗ್ಲೇ ಹೊಡ್ಕೊಳ್ಳುತ್ತೆ. ತಿಳಿ ಆಗೋವರೆಗೂ ಕಾಯೋ ಮನುಷ್ಯ ಅಲ್ಲೇ ಇರ್ಲಿ.

ನೀರಿನ ವಿಷಯ: ಸ್ಪ್ರಿಂಕ್ಲರ್ ತಲೇಲಿರೋ ಗಾಜಿನ ಬಲ್ಬ್ ಒಡೆಯೋದು ಶಾಖಕ್ಕೆ, ಕೆಂಪು ಬಲ್ಬ್ ಆದ್ರೆ 68 ಡಿಗ್ರಿ ಸೆಲ್ಸಿಯಸ್‌ಗೆ. ಹೇಜ್‌ಗೆ ಅದು ಜಗ್ಗಲ್ಲ. ಆದ್ರೆ ಕೆಲವು ದೊಡ್ಡ ಸ್ಟೇಜ್‌ಗಳಲ್ಲಿ ಡೆಲ್ಯೂಜ್ ಸಿಸ್ಟಂ ಇರುತ್ತೆ, ಅದ್ರ ನಾಝಲ್‌ಗಳು ತೆರೆದೇ ಇರ್ತವೆ, ಡಿಟೆಕ್ಟರ್ ಹೇಳಿದ್ರೆ ಎಲ್ಲಾ ಒಟ್ಟಿಗೆ ಸುರೀತವೆ. ಅದು ಇದೆಯಾ ಅಂತ ಒಂದ್ಸಲ ಕೇಳ್ಬಿಡಿ. ಇಲ್ದಿದ್ರೂ ಅಲಾರಂ ಆದ್ರೆ ಏಸಿ ನಿಲ್ಲೋದು, ಲಿಫ್ಟ್ ಕೆಳಗೆ ಹೋಗಿ ಬಾಗಿಲು ತಕ್ಕೊಂಡು ನಿಂತ್ಕೊಳ್ಳೋದು, ಎಲ್ರೂ ಹೊರಗೆ ಹೋಗಿ ಅಂತ ಅನೌನ್ಸ್‌ಮೆಂಟ್ ಬರೋದು, ಇವೆಲ್ಲ ಆಗೋದೇ.

ಮಂಜುಮಷಿನ್:
ಪ್ಯಾನಲ್‌ಮೇಸ್ತ್ರಿ ಸರ್ ಹೇಳಿದ್ದೆಲ್ಲ ಒಪ್ತೀನಿ, ಆದ್ರೆ ನನ್ನ ಪ್ರಕಾರ ಜನ ಸಿಕ್ಕಾಕೊಳ್ಳೋದು ಸ್ಟೇಜ್ ಮೇಲಲ್ಲ, ಪಕ್ಕದ ಜಾಗಗಳಲ್ಲಿ. ಸ್ಟೇಜ್ ಐಸೊಲೇಟ್ ಮಾಡಿಸಿರ್ತಾರೆ, ಹೇಜ್ ತಣ್ಣಗೆ ಏಸಿ ರಿಟರ್ನ್‌ಗೆ (ಹಾಲ್‌ನ ಗಾಳಿ ವಾಪಸ್ ಎಳ್ಕೊಳ್ಳೋ ಕಿಂಡಿ) ಹೋಗುತ್ತೆ, ಡಕ್ಟ್ ಅಂದ್ರೆ ಆ ಗಾಳಿ ಕೊಳವೆ ಒಳಗಿನ ಡಿಟೆಕ್ಟರ್ ಹೊಡ್ಕೊಳ್ಳುತ್ತೆ. ಇಲ್ಲಾಂದ್ರೆ ಇಂಟರ್ವಲ್‌ನಲ್ಲಿ ಬಾಗಿಲೆಲ್ಲ ತೆಗೀತಾರೆ, ಹೇಜ್ ಲಾಬಿಗೆ ನುಗ್ಗುತ್ತೆ, ಅಲ್ಲಿ ಐಸೊಲೇಟ್ ಆಗಿಲ್ಲ. ಒಂದು ಅಗರಬತ್ತಿ ಹಚ್ಚಿ ಸ್ಟೇಜ್ ಮೂಲೆಗಳಲ್ಲಿ, ವಿಂಗ್ಸ್‌ನಲ್ಲಿ, ಬಾಗಿಲ ಸಂದೀಲಿ ಹಿಡಿದು ನೋಡಿ, ಹೊಗೆ ಎತ್ತ ಎಳ್ಕೊಳ್ಳುತ್ತೆ ಅಂತ ಗೊತ್ತಾಗುತ್ತೆ, ಆಮೇಲೆ ಮಷಿನ್ ಎಲ್ಲಿಡೋದು ಅಂತ ತೀರ್ಮಾನ ಮಾಡಿ. (ಮುಂಚೆ ಹೇಳಿ ಹಚ್ಚಿ ಮಾರಾಯ್ರೆ, ಅದೂ ಹೊಗೆನೇ.) ಏಸಿ ಶೋ ದಿನ ಹೇಗಿರುತ್ತೋ ಹಾಗೇ ಓಡ್ತಿರ್ಬೇಕು.

ಇನ್ನೊಂದು, ಖಾಲಿ ಹಾಲ್‌ನಲ್ಲಿ ಟೆಸ್ಟ್ ಮಾಡಿ ಎಲ್ಲ ಸರಿಹೋಯ್ತು ಅಂದ್ಕೊಂಡು ಮನೆಗೆ ಹೋಗ್ಬೇಡಿ. ಹಾಲ್ ತುಂಬ ಜನ ಕೂತ್ರೆ ಅಷ್ಟೂ ಮೈಯ ಶಾಖಕ್ಕೆ ಗಾಳಿ ಮೇಲೇಳುತ್ತೆ, ರಿಹರ್ಸಲ್‌ನಲ್ಲಿ ನಡುಮಟ್ಟದಲ್ಲಿ ತೇಲ್ತಿದ್ದ ಹೇಜ್ ಶೋ ದಿನ ಸೀಲಿಂಗ್‌ಗೆ ಹೋಗಿ ಕೂರುತ್ತೆ.

ಫಾಗ್ ಮಷಿನ್ (ದಟ್ಟ ಹೊಗೆ ಉಗುಳೋದು) ಆಫ್ ಮಾಡಿದ್ರೂ ಅದರ ಮೂತಿ ಸ್ವಲ್ಪ ಹೊತ್ತು ಹೊಗೆ ಜಿನುಗುಸ್ತಾನೇ ಇರುತ್ತೆ, ಒಳಗಿನ ಹೀಟರ್ ಬಿಸಿ ಇರುತ್ತಲ್ಲ. ಅದನ್ನ ಬಿಸಿ ಬಿಸಿನೇ ತಗೊಂಡೋಗಿ ಸಣ್ಣ ಸ್ಟೋರ್ ರೂಮಲ್ಲಿಟ್ಟು ಬಾಗಿಲು ಹಾಕಿದ್ರೆ ಮುಗೀತು, ಸ್ಟೇಜ್‌ನಲ್ಲಿ ಇಡೀ ರಾತ್ರಿ ಆಗದೇ ಇದ್ದ ಅಲಾರಂ ಅಲ್ಲಿ ಆಗುತ್ತೆ.

ಗ್ರೀನ್‌ರೂಮ್:
ಇಷ್ಟೆಲ್ಲಾ ರಗಳೆ ಯಾಕೆ, ಡ್ರೈ ಐಸ್ ಹಾಕಿ. ನೆಲದ ಮೇಲೇ ಹರಿಯುತ್ತೆ, ಸೀಲಿಂಗ್ ಕಡೆ ತಿರುಗೂ ನೋಡಲ್ಲ.

ಪರದೆಹಿಂದೆ:
@ಗ್ರೀನ್‌ರೂಮ್ ಅವ್ರಿಗೆ ಬೇಕಾಗಿರೋದು ಮೇಲಿಂದ ಬೀಳೋ ಬೆಳಕಿನ ಕೋಲು, ಮೊಣಕಾಲವರೆಗೆ ಮಂಜು ಇದ್ರೆ ಏನ್ ಕಾಣುತ್ತೆ? ಅದೂ ಅಲ್ದೆ ಡ್ರೈ ಐಸ್ ಅಂದ್ರೆ ಗಟ್ಟಿಯಾದ ಇಂಗಾಲದ ಡೈ ಆಕ್ಸೈಡ್, ಮೈನಸ್ 78 ಡಿಗ್ರಿ, ಬರಿಗೈಲಿ ಮುಟ್ಟಿದ್ರೆ ಚರ್ಮ ಸುಡುತ್ತೆ. ಆ ಗ್ಯಾಸ್ ಗಾಳಿಗಿಂತ ಭಾರ, ತಗ್ಗಲ್ಲಿ ತುಂಬ್ಕೊಳ್ಳುತ್ತೆ. ಸ್ಟೇಜ್ ಮುಂದಿನ ಪಿಟ್‌ನಲ್ಲಿ ವಾದ್ಯದೋರು ಕೂತಿದ್ರೆ, ಇಲ್ಲ ಸ್ಟೇಜ್ ಮೇಲೆ ಯಾರಾದ್ರೂ ಮಲಗಿರೋ ಸೀನ್ ಇದ್ರೆ ಉಸಿರಿಗೇ ಅಪಾಯ. ಅಲಾರಂ ಹೊಡೀಲಿಲ್ಲ ಅಂದ ಮಾತ್ರಕ್ಕೆ ಸೇಫ್ ಅಂತಲ್ಲ.

ಕತ್ತಲೆಬೆಳಕು:
ತುಂಬ ಥ್ಯಾಂಕ್ಸ್ ಎಲ್ರಿಗೂ. ಇವತ್ತು ಹಾಲ್‌ನ ಎಲೆಕ್ಟ್ರಿಷಿಯನ್ ಜೊತೆ ಕೂತು ಕೇಳ್ದೆ. ಸ್ಟೇಜ್ ಮೇಲೆ ಆಪ್ಟಿಕಲ್, ಪ್ರೇಕ್ಷಕರ ಕಡೆ ಬೀಮ್, ಅಡ್ರೆಸ್ಸೆಬಲ್ ಪ್ಯಾನಲ್ ಅಂತೆ, ಡೆಲ್ಯೂಜ್ ಇಲ್ಲ. ಸರ್ವಿಸ್‌ನೋರು ಟೆಕ್ನಿಕಲ್ ರಿಹರ್ಸಲ್‌ಗೂ ಬರ್ತಾರೆ, ಬರವಣಿಗೇಲಿ ಕೊಡಿ ಅಂದ್ರು, ಕೊಟ್ಟಿದೀನಿ. ಡಕ್ಟ್ ಡಿಟೆಕ್ಟರ್ ಬಗ್ಗೆ ಕೇಳಿದಾಗ ಅವ್ರೇ ಹೌದಲ್ಲಾ ಅಂತ ಮೇಲೆ ನೋಡಿದ್ರು. ಒಂದೇ ಉಳಿದಿರೋದು, ಎರಡನೇ ಅಂಕದಲ್ಲಿ ಮಾತ್ರ ಬೇಕು ಅಂತ ಪರದೆ ಏಳೋ ಹೊತ್ತಿಗೆ ಜೋರಾಗಿ ಒಂದು ಡೋಸ್ ಬಿಟ್ರೆ ಸಾಕಾ?

ಮಂಜುಮಷಿನ್:
ಬೇಡ. ಜೋರಾಗಿ ಬಿಟ್ರೆ ಮೋಡದ ಥರ ಒಂದ್ಕಡೆ ದಪ್ಪ ಆಗುತ್ತೆ, ಬೀಮ್ ಡಿಟೆಕ್ಟರ್ ಹೊಡ್ಕೊಳ್ಳೋಕೆ ಅದು ಸಾಕು, ನಟರು ಕೆಮ್ಮೋದು ಬೇರೆ. ಫಾಗ್ ಮಷಿನ್ ಅಲ್ದೆ ಹೇಜರೇ ತಗೊಳ್ಳಿ, ಇಂಟರ್ವಲ್‌ನಲ್ಲಿ ಬಾಗಿಲು ಮುಚ್ಚಿದ್ಮೇಲೆ ಎಲ್ಲಕ್ಕಿಂತ ಕಡಿಮೆ ಸೆಟ್ಟಿಂಗ್‌ನಲ್ಲಿ ಶುರು ಮಾಡಿ, ಫ್ಯಾನ್ ಇಟ್ಟು ಹರಡಿಸ್ತಾ ಬನ್ನಿ, ಕೋಲು ಕಾಣೋಕೆ ಶುರುವಾದ ತಕ್ಷಣ ಇನ್ನೂ ಇಳಿಸಿ. ಫ್ಲೂಯಿಡ್ ಆ ಮಷಿನ್ ಕಂಪನಿ ಹೇಳಿದ್ದೇ ಹಾಕಿ. ಮೂತಿ ಮುಂದೆ ನೆಲ ಒದ್ದೆ ಆಗಿ ಜಾರುತ್ತೆ, ಓಡಾಡೋ ದಾರೀಲಿ ಇಡ್ಬೇಡಿ. ಬಾಗಿಲಲ್ಲಿ ಹೇಜ್ ಬಳಸ್ತೀವಿ ಅಂತ ಬೋರ್ಡ್ ಹಾಕಿ, ಅಸ್ತಮಾ ಇರೋರು ಹಿಂದಿನ ಸೀಟ್ ಕೇಳಿದ್ರೆ ಕೊಡಿ.