ಮಗು ಬಿಟ್ಟು ವ್ಯಸನಮುಕ್ತಿ ಸೆಂಟರ್‌ಗೆ ಸೇರಬೇಕಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಅಮ್ಮ: ಮಗಳಿಗೆ 14 ತಿಂಗಳು. ಸಿಸೇರಿಯನ್ ಆದ ಮೇಲೆ ಸೊಂಟ ನೋವಿಗೆ ಅಂತ ಶುರುವಾದ ಟಪೆಂಟಡಾಲ್ ಈಗ ದಿನಕ್ಕೆ 12 ಮಾತ್ರೆಗೆ ಬಂದು ನಿಂತಿದೆ. ಹಾಲು ಇನ್ನೂ ಕುಡಿಸುತ್ತಿದ್ದೇನೆ. ಗಂಡನಿಗೆ ಹೋದ ವಾರ ಗೊತ್ತಾಯಿತು. ಮಗುವನ್ನು ನಾದಿನಿ ಹತ್ತಿರ ಬಿಟ್ಟು ಸೆಂಟರ್‌ಗೆ ಸೇರು ಅನ್ನುತ್ತಾರೆ. ಸೇರಲಾ, ಮನೆಯಿಂದ ಓಡಾಡಿಕೊಂಡೇ ಔಷಧಿ ತೆಗೆದುಕೊಳ್ಳಲಾ? ಮಾಡಿದವರು ಹೇಳಿ.

ಮೂರು ವರ್ಷ ನಾಲ್ಕು ತಿಂಗಳು: ಸೇರಿ. ನಾನು 90 ದಿನ ಇದ್ದೆ. ತಿಂಗಳಿಗೆ 28 ಸಾವಿರ. ಸೇರುವಾಗ 20 ಸಾವಿರ ಡೆಪಾಸಿಟ್, ಅದು ವಾಪಸ್ ಬರಲಿಲ್ಲ. ರಕ್ತ ಪರೀಕ್ಷೆ, ಔಷಧಿ, ಸೋಪು ಎಣ್ಣೆ ಎಲ್ಲ ಬೇರೆ. ಒಟ್ಟು 1 ಲಕ್ಷ 31 ಸಾವಿರ. ತವರಿನ ಬಳೆ ಅಡ ಇಟ್ಟೆವು, ಇನ್ನೂ ಬಿಡಿಸಿಲ್ಲ. ಮಗನಿಗೆ ಆಗ ಒಂದು ವರ್ಷ ಎಂಟು ತಿಂಗಳು. ಮಗು ಇದ್ದರೆ ಸೀಟು ಇಲ್ಲ ಅಂದರು. ಭಾನುವಾರ ಅರ್ಧ ಗಂಟೆ ಭೇಟಿ, ಅದಕ್ಕೂ ಮಕ್ಕಳನ್ನು ಬಿಡುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಮನೆಗೆ ಬಂದೆ. ಮಗ ಅತ್ತೆಯ ಸೆರಗು ಹಿಡಿದುಕೊಂಡು ಅವರ ಹಿಂದೆ ಬಚ್ಚಿಟ್ಟುಕೊಂಡ. ಅವರನ್ನೇ ಅಮ್ಮ ಅಂತ ಕರೆಯುತ್ತಿದ್ದ. ರಾತ್ರಿ ನನ್ನ ಪಕ್ಕ ಮಲಗಿಸಿದರೆ ಒಂದೇ ಸಮ ಅಳು.

41ನೇ ದಿನ ಮತ್ತೆ ನುಂಗಿದೆ. ಮತ್ತೆ 15 ದಿನ ಒಳಗೆ. ಆಮೇಲೆ ಇವತ್ತಿನವರೆಗೂ, ಮೂರು ವರ್ಷ ನಾಲ್ಕು ತಿಂಗಳು, ಒಂದೂ ಮುಟ್ಟಿಲ್ಲ. ಮನೆಯಲ್ಲಿದ್ದೇ ಬಿಡುತ್ತೇನೆ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಬೀದಿ ಕೊನೆಯಲ್ಲೇ ಮೆಡಿಕಲ್ ಇರುತ್ತದೆ, ಹೇಗೆ ಬಿಡುತ್ತೀರಿ?

ಹಾಸನದಿಂದ: ನಾನು ಬಿಟ್ಟಿದ್ದೇನೆ, ಮನೆಯಲ್ಲಿದ್ದೇ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯ ಒಪಿಡಿ, ಮಾತ್ರೆ ಚಟ ಬಿಡಿಸಲು ಕೊಡುವ ಬ್ಯುಪ್ರೆನಾರ್ಫಿನ್ ಔಷಧಿ. ನಾಲ್ಕು ವರ್ಷ ಆಯಿತು. ಮೊದಲ ದಿನ ಮಾತ್ರ ನರಕ. ಹಳೆಯ ಮಾತ್ರೆಯ ಅಮಲು ಇಳಿದು, ಬಿಟ್ಟ ಸಂಕಟ ಶುರುವಾದ ಮೇಲೇ ಇದನ್ನು ಕೊಡುವುದು. ಮೊದಲೇ ಕೊಟ್ಟರೆ ಸಂಕಟ ಒಮ್ಮೆಲೇ ಎದ್ದು ಬರುತ್ತದೆ. ಹಾಗಾಗಿ ಹಿಂದಿನ ಸಂಜೆಯಿಂದ ಏನೂ ಇಲ್ಲ. ಬೆಳಗ್ಗೆ ಐದರ ಬಸ್ಸು. ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರುತ್ತಿದೆ, ಮೈಯೆಲ್ಲ ಮುಳ್ಳು, ಮೊಣಕಾಲು ಯಾರೋ ಹಿಂಡಿದ ಹಾಗೆ. ತೊಡೆ ಮೇಲೆ ಒಂಬತ್ತು ತಿಂಗಳ ಮಗ. ಚನ್ನರಾಯಪಟ್ಟಣದಲ್ಲಿ ಇಳಿದು ವಾಂತಿ ಮಾಡಿದೆ.

ಮಾತ್ರೆ ನಾಲಿಗೆ ಕೆಳಗೆ ಇಟ್ಟುಕೊಂಡು ಹತ್ತು ನಿಮಿಷ ಮಾತಾಡಬಾರದು, ನುಂಗಬಾರದು. ಕಹಿ. ಮಗ ನನ್ನ ತುಟಿ ಹಿಡಿದು ಬಿಡಿಸಲು ನೋಡುತ್ತಿದ್ದ, ಅಮ್ಮ ಯಾಕೆ ಮಾತಾಡುತ್ತಿಲ್ಲ ಅಂತ. ಒಂದು ಗಂಟೆಯೊಳಗೆ ಚಳಿ ಇಳಿಯಿತು. ಈ ಔಷಧಿ ಹಾಲಿಗೆ ಹೋಗುವುದು ತೀರಾ ಕಡಿಮೆ ಅಂತ ಡಾಕ್ಟರ್ ಹೇಳಿದರು, ಎರಡು ವರ್ಷದವರೆಗೂ ಕುಡಿಸಿದೆ. ಆದರೆ ದಾವಣಗೆರೆಯವರೇ, ನೀವೀಗ ನುಂಗುತ್ತಿರುವುದು ಬೇರೆ. ಮಗು ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಖರ್ಚು ಅಂದರೆ ಒಂದು ದಿನದ ಕೂಲಿ 600, ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. 2023ರಲ್ಲಿ ಹೆಂಗಸರಿಗೆ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜೂ ಇಲ್ಲ.

ಮೂರು ವರ್ಷ ನಾಲ್ಕು ತಿಂಗಳು: ಒಂದು ಮಾತ್ರೆ ಬಿಟ್ಟು ಇನ್ನೊಂದು ಹಿಡಿದಿದ್ದೀರಿ. ಇದಕ್ಕೆ ಬಿಟ್ಟೆ ಅನ್ನುತ್ತಾರಾ?

ಹಾಸನದಿಂದ: 8 ಮಿಲಿಗ್ರಾಂ ಇದ್ದದ್ದು 4ಕ್ಕೆ ಇಳಿದಿದೆ. ಮೊದಲು ಮಧ್ಯಾಹ್ನವಾದರೂ ಮಗುವಿನ ಬಟ್ಟೆ ಬದಲಾಯಿಸಿರುತ್ತಿರಲಿಲ್ಲ. ಈಗ ಏಳೂವರೆಗೆ ಅವನ ಟಿಫಿನ್ ಡಬ್ಬಿ ತುಂಬಿರುತ್ತದೆ. ಏನು ಹೆಸರು ಬೇಕಾದರೂ ಇಡಿ. ಮತ್ತೆ ಮಗು ಇದ್ದರೆ ಸೀಟಿಲ್ಲ ಅಂದರಲ್ಲ, ಅದೇ ತಪ್ಪು. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಸನಕ್ಕೂ ಅನ್ವಯಿಸುತ್ತದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವ ಹಾಗಿಲ್ಲ. ಮಗುವಿಗೆ ಅಪಾಯ ಅಂತ ಡಾಕ್ಟರಿಗೆ ಅನ್ನಿಸಿ ಬೇರೆ ಇಟ್ಟರೂ 15 ದಿನಕ್ಕೊಮ್ಮೆ ಮರುಪರಿಶೀಲನೆ ಆಗಬೇಕು.

ಮೂರು ವರ್ಷ ನಾಲ್ಕು ತಿಂಗಳು: ನನಗೆ ಆಗ ಯಾರು ಹೇಳಿದರು ಇದನ್ನು? ಒಬ್ಬರೂ ಹೇಳಲಿಲ್ಲ. ಮೂರು ತಿಂಗಳು ಎದೆಹಾಲು ಬತ್ತಿಸಿಕೊಂಡು, ಬಿಗಿದು ಕಟ್ಟಿಕೊಂಡು ಕೂತಿದ್ದೆ. ಈಗ ಕಾನೂನು ಹೇಳಿ ಹೊಟ್ಟೆ ಉರಿಸಬೇಡಿ.

ಶಿರಸಿ ಅಜ್ಜಿ: ಎಲ್ಲರೂ ತಾಯಂದಿರ ಕಷ್ಟ ಬರೆದಿರಿ. ಮಗುವನ್ನು ನೋಡಿಕೊಂಡವರದ್ದು ಯಾರೂ ಬರೆಯಲಿಲ್ಲ. ನನ್ನ ಮಗಳದ್ದು ನಿದ್ದೆ ಮಾತ್ರೆ, ಆಲ್ಪ್ರಜೋಲಾಮ್. ದೇವರಿಗೆ ಹರಕೆ ಹೊತ್ತು ಒಂದೇ ದಿನಕ್ಕೆ ನಿಲ್ಲಿಸಿದಳು. ಅದನ್ನು ಹಾಗೆ ನಿಲ್ಲಿಸಬಾರದು, ನಿಧಾನವಾಗಿ ಇಳಿಸಬೇಕು ಅಂತ ನಮಗೆ ಗೊತ್ತಿರಲಿಲ್ಲ. ಮೂರನೇ ದಿನ ಮಗುವಿಗೆ ಎಣ್ಣೆ ಹಚ್ಚಿ ಮೀಸುವಾಗ ಬಚ್ಚಲಲ್ಲೇ ಅವಳಿಗೆ ಫಿಟ್ಸ್ ಬಂತು. ಚೊಂಬು ಉರುಳಿದ ಸದ್ದಿಗೆ ನಾನು ಹೋದೆ. ಮಗು ಟಬ್ಬಿನ ಅಂಚು ಹಿಡಿದುಕೊಂಡು ನಿಂತಿತ್ತು. ಕಣ್ಣಲ್ಲೆಲ್ಲ ಸೀಗೆಪುಡಿ. ನಾನು ಒಂದು ನಿಮಿಷ ತಡ ಮಾಡಿದ್ದರೆ?

ಆಗಿನಿಂದ ಮೊಮ್ಮಗಳು ನನ್ನ ಹತ್ತಿರ. ಈಗ ಆರು ವರ್ಷ. ಈಗ ವಾಪಸ್ ಕೊಡು ಅನ್ನುತ್ತಾಳೆ ಮಗಳು. ಕೊಡುವುದಿಲ್ಲ.

ಹಾಸನದಿಂದ: ಮಗಳು ಈಗ ಹೇಗಿದ್ದಾಳೆ ಅಂತ ಒಂದು ಸಾಲೂ ಬರೆದಿಲ್ಲ ನೀವು.

ಶಿರಸಿ ಅಜ್ಜಿ: ಎರಡು ವರ್ಷದಿಂದ ಮುಟ್ಟಿಲ್ಲ. ಶನಿವಾರ ಬಂದು ಮಗಳ ಜಡೆ ಹಾಕಿ ಹೋಗುತ್ತಾಳೆ. ನನಗೆ ಹೆದರಿಕೆ ಹೋಗಿಲ್ಲ.

ಮೂರು ವರ್ಷ ನಾಲ್ಕು ತಿಂಗಳು: ನಿಮ್ಮ ಹೆದರಿಕೆಗೆ ಅವಳು ಇನ್ನೂ ಎಷ್ಟು ವರ್ಷ ಶನಿವಾರ ಕಾಯಬೇಕು? ನಮ್ಮತ್ತೆಯೂ ಇದೇ ಮಾತು ಆಡುತ್ತಿದ್ದರು.

ಶಿರಸಿ ಅಜ್ಜಿ: ನಿಮ್ಮತ್ತೆ ನೋಡಿಕೊಳ್ಳದಿದ್ದರೆ ನಿಮ್ಮ ಮಗ ಎಲ್ಲಿರುತ್ತಿದ್ದ, ಅದನ್ನೂ ಬರೆಯಿರಿ.

ಮೆಡಿಕಲ್ ಮನೆಯವಳು: ಬೀದಿ ಕೊನೆಯ ಮೆಡಿಕಲ್ ಅಂದಿರಲ್ಲ, ನಮ್ಮದೂ ಅಂಥ ಅಂಗಡಿಯೇ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದರೆ ಕೌಂಟರ್ ಗುದ್ದುತ್ತಾರೆ. ನನ್ನ ಗಂಡನಿಗೆ ಎರಡು ಸಲ ಹೊಡೆದಿದ್ದಾರೆ. ಎಲ್ಲದಕ್ಕೂ ಅಂಗಡಿಯವರನ್ನೇ ಬೈಯಬೇಡಿ.

ಮೂರು ವರ್ಷ ನಾಲ್ಕು ತಿಂಗಳು: 2018ರಲ್ಲಿ ನೋವಿನ ಮಾತ್ರೆ ಟ್ರಮಡಾಲ್ ಮಾದಕ ವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಗೆ ಸೇರಿತು. ಆಮೇಲೆ ನಮ್ಮ ಬೀದಿಯ ಮೆಡಿಕಲ್‌ನವನು ಕೇಳದೇನೇ ಟಪೆಂಟಡಾಲ್ ಕೈಗಿಟ್ಟ, ಇದೂ ಅದೇ ಅಕ್ಕ ಅಂತ. ನನ್ನ ಕೈಯಲ್ಲಿ ಮಗು ಇತ್ತು. ಅವನಿಗೆ ಕಾಣಿಸುತ್ತಿತ್ತು.

ಮೆಡಿಕಲ್ ಮನೆಯವಳು: ಅವನು ಮಾಡಿದ್ದು ತಪ್ಪು. ನಾವು ಅವನಲ್ಲ.

ದಾವಣಗೆರೆ ಅಮ್ಮ: ಎಲ್ಲ ಓದಿದೆ. ನಿನ್ನೆ ರಾತ್ರಿ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಮಾತಾಡಿದೆ. ಹಾಸನದವರೇ, ಒಂದೇ ಒಂದು ಕೇಳಬೇಕು. ಮೊದಲ ದಿನ ಬಸ್ಸಲ್ಲಿ ಮಗುವನ್ನು ಯಾರು ಎತ್ತಿಕೊಂಡಿದ್ದರು?

ಹಾಸನದಿಂದ: ಯಾರೂ ಇರಲಿಲ್ಲ. ನಾನು ಇಳಿದು ವಾಂತಿ ಮಾಡುವಾಗ ಪಕ್ಕದ ಸೀಟಿನ ಹೆಂಗಸು ಹಿಡಿದುಕೊಂಡಿದ್ದರು. ಆಮೇಲೆ ಬೆಂಗಳೂರಿನವರೆಗೂ ಅವರೇ. ನೀವು ಒಬ್ಬರೇ ಹೋಗಬೇಡಿ, ಗಂಡ ರಜೆ ಹಾಕಲಿ. ಎಷ್ಟು ಗಂಟೆ ಮಾತ್ರೆ ಬಿಟ್ಟು ಬರಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿಕೊಳ್ಳಿ. ಕಿಟಕಿ ಪಕ್ಕ ಕೂತುಕೊಳ್ಳಿ, ಎರಡು ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳಿ.