ಮಾವಿನ ಎಲೆ ಮೇಲೆ ಕಪ್ಪು ಮಸಿ: ಔಷಧಿ ಹೊಡೆಯೋದಾ, ಬೇಡ್ವಾ?

ಪ್ರಶ್ನೆ (ಮಾವು ಬೆಳೆಗಾರರು, ಶ್ರೀನಿವಾಸಪುರ ತಾಲ್ಲೂಕು):
ನಮಸ್ಕಾರ ಸಾರ್. ನಮ್ಮ ತೋತಾಪುರಿ ಮರಗಳ ಎಲೆಯೆಲ್ಲ ಮಸಿ ಬಳಿದ ಹಾಗೆ ಕಪ್ಪಾಗಿದೆ. ಕಾಯಿ ಮೇಲೂ ಇದೆ. ಅಂಗಡಿಯವರು ತಾಮ್ರದ ಔಷಧಿ ಜೊತೆ ಒಂದು ಆಂಟಿಬಯೋಟಿಕ್ ಪುಡಿಯನ್ನೂ ಕೊಟ್ಟಿದ್ದಾರೆ. ಹೊಡೆಯಲಾ?

ಉತ್ತರ (ಸಸ್ಯರೋಗ ತಜ್ಞ):
ನಮಸ್ಕಾರ ಅಣ್ಣ. ಸದ್ಯಕ್ಕೆ ಹೊಡೆಯಬೇಡಿ. ಹೆಬ್ಬೆರಳು ಒದ್ದೆ ಮಾಡಿಕೊಂಡು ಒಂದು ಕಪ್ಪು ಎಲೆಯನ್ನು ಉಜ್ಜಿ ನೋಡಿ. ಮಸಿ ಬೆರಳಿಗೆ ಬಂದು, ಅಡಿಯಲ್ಲಿ ಎಲೆ ಹಸಿರಾಗಿಯೇ ಕಂಡರೆ ಅದು ಕಪ್ಪು ಬೂಷ್ಟು. ಎಷ್ಟು ಉಜ್ಜಿದರೂ ಚುಕ್ಕೆ ಹೋಗದಿದ್ದರೆ ಚಿಬ್ಬು ರೋಗ ಇರಬಹುದು, ಆಗ ಫೋಟೋ ಹಾಕಿ.

ಈ ಬೂಷ್ಟು ಎಲೆಯ ಒಳಗೆ ಇಳಿಯುವುದಿಲ್ಲ. ಮರದಿಂದ ಏನನ್ನೂ ಕಿತ್ತು ತಿನ್ನುವುದೂ ಇಲ್ಲ. ಅದರ ಊಟವೇ ಬೇರೆ. ಜಿಗಿ ಹುಳು ಚಿಗುರು ಮತ್ತು ಹೂಗೊಂಚಲಿನ ರಸ ಹೀರಿ, ಸಿಹಿಯಾದ ಅಂಟು ದ್ರವವನ್ನು ಹೊರಗೆ ಬಿಡುತ್ತದೆ. ಅದು ಕೆಳಗಿನ ಎಲೆ, ಕಾಯಿ ಮೇಲೆ ಬೀಳುತ್ತದೆ. ಆ ಸಕ್ಕರೆ ಮೇಲೆ ಬೂಷ್ಟು ಬೆಳೆಯುತ್ತದೆ. ಹೂ ಬಿಟ್ಟಾಗ ಮರದ ಕೆಳಗೆ ಹೋದರೆ ತುಂತುರು ಮಳೆ ಬಿದ್ದ ಹಾಗೆ ಪಟಪಟ ಸದ್ದು ಕೇಳಿರುತ್ತೀರಿ, ಅಲ್ವಾ? ಅದು ಇದೇ ಹುಳು ಹಾರುವ ಸದ್ದು.

ಹಾಗಾಗಿ ಹುಳು ಇರುವವರೆಗೆ ಮಸಿ ಬರುತ್ತಲೇ ಇರುತ್ತದೆ. ಆಂಟಿಬಯೋಟಿಕ್ ಪುಡಿಯಂತೂ ದಂಡ. ಅದು ಕೊಲ್ಲುವುದು ಬ್ಯಾಕ್ಟೀರಿಯಾಗಳನ್ನು, ಬೂಷ್ಟನ್ನಲ್ಲ.

ಪ್ರಶ್ನೆ (ಅದೇ ಬೆಳೆಗಾರರು):
ಬ್ಯಾಕ್ಟೀರಿಯಾ ಸತ್ತರೆ ಒಳ್ಳೇದೇ ಅಲ್ವಾ ಸಾರ್? ಎಲೆ ಚೊಕ್ಕಟ ಆಗುತ್ತೆ.

ಉತ್ತರ:
ಇಲ್ಲಣ್ಣ, ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ನಿಮ್ಮ ಕಣ್ಣಿಗೆ ಚೊಕ್ಕಟವಾಗಿ ಕಾಣುವ ಎಲೆಯ ಮೇಲೂ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 10 ಲಕ್ಷದಿಂದ 1 ಕೋಟಿವರೆಗೆ ಬ್ಯಾಕ್ಟೀರಿಯಾಗಳು ಇರಬಹುದು. ಜೊತೆಗೆ ಯೀಸ್ಟ್, ಬೂಷ್ಟು. ಹೆಚ್ಚಿನವು ಗಿಡಕ್ಕೆ ಏನೂ ಕೇಡು ಮಾಡುವುದಿಲ್ಲ. ಎಲೆಯ ನರಗಳ ಪಕ್ಕ, ಎಲೆ ಮೇಲಿನ ಸಣ್ಣ ಕೂದಲಿನ ಬುಡ, ಎಲೆಯ ಅಡಿಭಾಗ, ಹೀಗೆ ತೇವ ನಿಲ್ಲುವ ಕಡೆ ಗುಂಪಾಗಿ ಅಂಟಿಕೊಂಡಿರುತ್ತವೆ. ಎಲೆಯಿಂದ ಒಸರುವ ಚೂರುಪಾರು ಸಕ್ಕರೆಯೇ ಅವುಗಳ ಊಟ. ಹೊರಗಿಂದ ರೋಗದ ಕ್ರಿಮಿ ಬಂದರೆ ಅದಕ್ಕೂ ಜಾಗ ಬೇಕು, ಊಟ ಬೇಕು. ಎರಡನ್ನೂ ಇವು ಮೊದಲೇ ಹಿಡಿದಿರುತ್ತವೆ. ಇವುಗಳನ್ನು ತೊಳೆದು ಹಾಕಿದರೆ ರೋಗಕ್ಕೆ ಅಡ್ಡಿ ಮಾಡುವವರು ಕಡಿಮೆಯಾಗುತ್ತಾರೆ.

ಇವುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಮಿಥೈಲೋಬ್ಯಾಕ್ಟೀರಿಯಂ. ಎಲೆ ಬೆಳೆಯುವಾಗ ಜೀವಕೋಶದ ಗೋಡೆಯಿಂದ ಮೆಥನಾಲ್ ಎಂಬ ಆಲ್ಕೋಹಾಲ್ ಹುಟ್ಟಿ, ಎಲೆಯ ಸಣ್ಣ ರಂಧ್ರಗಳಿಂದ ಹೊರಗೆ ಬರುತ್ತದೆ. ಈ ಬ್ಯಾಕ್ಟೀರಿಯಾ ಅದನ್ನು ತಿಂದೇ ಬದುಕಬಲ್ಲದು. ನಮ್ಮ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ, ಮೆಥನಾಲ್ ಹಾಕಿದ ಅಗರ್ ತಟ್ಟೆಗೆ ಎಲೆಯನ್ನು ಮೆಲ್ಲಗೆ ಒತ್ತಿ ತೆಗೆಯುತ್ತೇವೆ. ಕೆಲವು ದಿನ ಬಿಟ್ಟು ನೋಡಿದರೆ, ಎಲೆಯ ಆಕಾರಕ್ಕೇ ಗುಲಾಬಿ ಬಣ್ಣದ ಚುಕ್ಕೆಗಳು ಎದ್ದಿರುತ್ತವೆ. ಆ ಬಣ್ಣ ಬಿಸಿಲಿನಿಂದ ಈ ಬ್ಯಾಕ್ಟೀರಿಯಾವನ್ನು ಕಾಪಾಡುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ಇದನ್ನೇ ಪಿಪಿಎಫ್‌ಎಂ ಎಂಬ ಹೆಸರಿನಲ್ಲಿ, ಮಳೆ ಕೈಕೊಟ್ಟಾಗ ಬೆಳೆ ತಡೆದುಕೊಳ್ಳಲಿ ಅಂತ ಸಿಂಪಡಿಸಲು ಕೊಡುತ್ತಾರೆ.

ಈಗ ನಿಮ್ಮ ಮರಕ್ಕೆ ಬರೋಣ. 1 ಕೆಜಿ ಮೈದಾವನ್ನು 5 ಲೀಟರ್ ನೀರಿನಲ್ಲಿ ಗಂಜಿ ಕಾಯಿಸಿ, ಆರಿದ ಮೇಲೆ ನೀರು ಸೇರಿಸಿ 20 ಲೀಟರ್ ಮಾಡಿ, ಸೋಸಿ ಎಲೆಗಳಿಗೆ ಹೊಡೆಯಿರಿ. ಒಳ್ಳೆ ಬಿಸಿಲಿರುವ ದಿನವೇ ಆಗಬೇಕು. ಒಣಗಿದ ಗಂಜಿ ಪದರ ಮಸಿಯನ್ನು ಹಿಡಿದುಕೊಂಡು ಹಪ್ಪಳೆ ಎದ್ದು ಉದುರುತ್ತದೆ. ಮೋಡ ಇದ್ದರೆ ಬೇಡ. ಕೊಯ್ಲು ಮುಗಿದ ಮೇಲೆ ಒಳಗಿನ ಒತ್ತು ಕೊಂಬೆ ಸವರಿ, ಗಾಳಿ ಬೆಳಕು ಆಡಲಿ. ಜಿಗಿ ಹುಳುಗೆ ಗಟ್ಟಿ ನೆರಳು ಅಂದರೆ ಬಲು ಇಷ್ಟ. ಹೂಗೊಂಚಲು ಹೊರಡುವಾಗಲೇ ಹುಳು ನೋಡಿಕೊಂಡು ಔಷಧಿ ಕೊಡಬೇಕು. ಹೂ ಪೂರ್ತಿ ಅರಳಿದಾಗ ಹೊಡೆಯಬೇಡಿ, ಜೇನು, ನೊಣ ಸಾಯುತ್ತವೆ. ಯಾವ ಔಷಧಿ, ಎಷ್ಟು ಅನ್ನೋದನ್ನ ಹೊಗಳಗೆರೆ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಕೇಳಿ, ನಿಮಗೆ ಹತ್ತಿರ.

ಪ್ರಶ್ನೆ (ಟೊಮ್ಯಾಟೊ ಬೆಳೆಗಾರರು, ಮುಳಬಾಗಿಲು):
ನಾವು ಸ್ಯೂಡೋಮೊನಾಸ್ ಹೊಡೀತೀವಿ ಸಾರ್. ತಾಮ್ರದ ಔಷಧಿ ಜೊತೆಗೇ ಬೆರೆಸಬಹುದಾ? ಕೂಲಿ ಉಳಿಯುತ್ತೆ.

ಉತ್ತರ:
ಬೇಡ. ಸ್ಯೂಡೋಮೊನಾಸ್ ಅಂದರೆ ರೋಗ ತಡೆಯಲು ಹೊಡೆಯುವ, ಜೀವ ಇರುವ ಬ್ಯಾಕ್ಟೀರಿಯಾ, ತಾಮ್ರ ಅದನ್ನು ಡ್ರಮ್ಮಿನಲ್ಲೇ ಕೊಲ್ಲುತ್ತದೆ. ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಸ್ಯೂಡೋಮೊನಾಸ್ ಸಂಜೆ ಹೊತ್ತು ಹೊಡೆಯಿರಿ.

ಪ್ರಶ್ನೆ (ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ):
ಪಕ್ಕದ ಹೊಲದವರು ಟೊಮ್ಯಾಟೊ ಕಾಯಿ ಕೊರಕಕ್ಕೆ ಬಿಟಿ ಪುಡಿ ಹೊಡೀತಿದ್ದಾರೆ. ಸಾವಯವ, ಏನೂ ಆಗಲ್ಲ ಅಂತಾರೆ. ನಮ್ಮ ಹಿಪ್ಪುನೇರಳೆ ಬದುವಿಗೆ ಅಂಟಿಕೊಂಡೇ ಇದೆ. ಸೊಪ್ಪು ಕೊಯ್ಯಬಹುದಾ ಸಾರ್?

ಉತ್ತರ:
ಇದರಲ್ಲಿ ಅಸಡ್ಡೆ ಮಾಡಲೇಬೇಡಿ. ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ. ಅದು ಮೊದಲು ಪತ್ತೆಯಾದದ್ದೇ ಸಾಯುತ್ತಿದ್ದ ರೇಷ್ಮೆ ಹುಳುಗಳಲ್ಲಿ, 1901ರಲ್ಲಿ, ಜಪಾನಿನ ವಿಜ್ಞಾನಿ ಇಶಿವಾಟಾ ಅವರಿಂದ. ಹುಳು ತಿಂದ ಸೊಪ್ಪಿನ ಜೊತೆ ಇದರ ವಿಷದ ಹರಳು ಹೊಟ್ಟೆಗೆ ಹೋಗಿ, ಅಲ್ಲಿ ಕರಗಿ ಕರುಳನ್ನೇ ತೂತು ಮಾಡುತ್ತದೆ. ಮನುಷ್ಯರಿಗೆ, ದನಕರುಗಳಿಗೆ ತೊಂದರೆಯಿಲ್ಲ ಅನ್ನೋದು ನಿಜ. ಆದರೆ ರೇಷ್ಮೆ ಹುಳು ಕೂಡ ಕಂಬಳಿಹುಳುವೇ ಅಲ್ವಾ? ಸಾವಯವ ಅನ್ನುವ ಹೆಸರು ಅದನ್ನು ಉಳಿಸುವುದಿಲ್ಲ.

ಗಾಳಿ ನಿಮ್ಮ ಕಡೆ ಬೀಸಿದ್ದರೆ ಬದುವಿನ ಪಕ್ಕದ ಸಾಲುಗಳ ಸೊಪ್ಪನ್ನು ಹುಳುಗಳಿಗೆ ಹಾಕಬೇಡಿ. ಪಕ್ಕದವರ ಹತ್ತಿರ ಜಗಳ ಬೇಡ, ಕೂತು ಮಾತಾಡಿ. ಕಾಯಿ ಕೊರಕಕ್ಕೆ ಅದರದ್ದೇ ಎನ್‌ಪಿವಿ ಎಂಬ ನಂಜಾಣು (ವೈರಸ್) ದ್ರಾವಣ ಸಿಗುತ್ತದೆ. ಅದು ಆ ಜಾತಿಯ ಹುಳುಗಳಿಗೆ ಮಾತ್ರ ತಾಗುತ್ತದೆ, ರೇಷ್ಮೆಗೆ ಅಪಾಯವಿಲ್ಲ. ಅದನ್ನೂ ಸಂಜೆ ಹೊತ್ತೇ ಹೊಡೆಯಬೇಕು. ಕೇಳುವಾಗ ಕಾಯಿ ಕೊರಕದ ಎನ್‌ಪಿವಿ ಅಂತಲೇ ಕೇಳಲು ಹೇಳಿ. ರೇಷ್ಮೆ ಹುಳುವಿಗೆ ಹಾಲು ರೋಗ ತರುವ ಎನ್‌ಪಿವಿ ಬೇರೆ, ಇದು ಬೇರೆ.