ವೀಡಿಯೊ ನೋಡಿದ ಮೇಲೂ ಇನ್‌ಹೇಲರ್ ಬಳಕೆ ತಪ್ಪುತ್ತಿದೆ, ಏನು ಬದಲಿಸಬೇಕು?

ಪ್ರಶ್ನೆ: ಆಸ್ತಮಾ ರೋಗಿಗಳಿಗೆ ಇನ್‌ಹೇಲರ್ ಬಳಸಲು ಕಲಿಸುವ ಒಂದು ವೀಡಿಯೊ ಮಾಡಿದ್ದೇವೆ. ಸ್ಪ್ರೇ ಇನ್‌ಹೇಲರ್, ಪುಡಿಯ ಇನ್‌ಹೇಲರ್ ಎರಡೂ ಅದರಲ್ಲಿವೆ. ನೋಡಿದವರೆಲ್ಲ ‘ಅರ್ಥವಾಯಿತು’ ಎನ್ನುತ್ತಾರೆ. ಮಾಡಿ ತೋರಿಸಿ ಎಂದರೆ ಕೆಲವರ ಬಾಯಿಯಿಂದ ಔಷಧ ಹೊಗೆಯಂತೆ ಹೊರಬರುತ್ತದೆ, ಕೆಲವರು ಪುಡಿಯ ಇನ್‌ಹೇಲರ್‌ನೊಳಕ್ಕೇ ಉಸಿರು ಬಿಡುತ್ತಾರೆ.

ಉತ್ತರ: ಮೊದಲು ಅದನ್ನು ಎರಡು ವೀಡಿಯೊ ಮಾಡಿ, ಪ್ರತಿಯೊಬ್ಬರಿಗೂ ಅವರ ಸಾಧನದ್ದನ್ನು ಮಾತ್ರ ತೋರಿಸಿ. ಎರಡಕ್ಕೂ ಬೇಕಾದ ಉಸಿರು ತದ್ವಿರುದ್ಧ. ಸ್ಪ್ರೇಯಲ್ಲಿ ಔಷಧವನ್ನು ಅನಿಲವೇ ಹೊರದೂಡುತ್ತದೆ, ಹಾಗಾಗಿ ನಿಧಾನವಾಗಿ, ಆಳವಾಗಿ ಎಳೆದುಕೊಳ್ಳಬೇಕು. ರಭಸವಾಗಿ ಎಳೆದರೆ ಹೆಚ್ಚಿನ ಪಾಲು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಪುಡಿಯನ್ನು ಒಡೆದು ಒಳಕ್ಕೆ ಒಯ್ಯುವುದು ರೋಗಿಯ ಉಸಿರೇ. ಅಲ್ಲಿ ಆರಂಭದಿಂದಲೇ ಜೋರಾಗಿ ಎಳೆಯಬೇಕು. ಅದರೊಳಕ್ಕೆ ಉಸಿರು ಬಿಟ್ಟರೆ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಈ ಕಾರಣವನ್ನೂ ಹೇಳಿ. ಬರಿಯ ‘ಮಾಡಬೇಡಿ’ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಅಂದ ಹಾಗೆ, ಔಷಧ ಎಳೆದುಕೊಂಡ ಮೇಲೆ ಉಸಿರು ಹಿಡಿಯುವ ದೃಶ್ಯ ಎಷ್ಟು ಹೊತ್ತು ಇದೆ?

ಪ್ರಶ್ನೆ ಕೇಳಿದವರು: ಎರಡೇ ಸೆಕೆಂಡು. ನೋಡುವವರಿಗೆ ಬೇಸರವಾದೀತೆಂದು ಸಂಕಲನಕಾರರು ಕತ್ತರಿಸಿದ್ದಾರೆ. ಹತ್ತು ಸೆಕೆಂಡು ಎಂದು ಧ್ವನಿಯಲ್ಲಿ ಹೇಳಿದ್ದೇವೆ.

ಉತ್ತರ: ಬೇಸರವಾಗಲಿ ಬಿಡಿ. ಜನ ಅನುಕರಿಸುವುದು ಕಂಡದ್ದನ್ನು, ಕೇಳಿದ್ದನ್ನಲ್ಲ. ಪೂರ್ತಿ 10 ಸೆಕೆಂಡು ಇಟ್ಟು, ಪರದೆಯ ಮೇಲೆ ಅಂಕಿಗಳು ಏರುತ್ತಿರಲಿ. ಅವರೂ ಜೊತೆಯಲ್ಲೇ ಉಸಿರು ಹಿಡಿಯುತ್ತಾರೆ.

ಕ್ಯಾಮೆರಾ ಪಕ್ಕದಿಂದ ಇರಲಿ. ಉಸಿರು ಎಳೆಯಲು ತೊಡಗುವುದೂ ಕ್ಯಾನಿಸ್ಟರ್ (ಸ್ಪ್ರೇಯ ಔಷಧದ ಡಬ್ಬಿ) ಒತ್ತುವುದೂ ಒಂದೇ ಚೌಕಟ್ಟಿನಲ್ಲಿ ಕಾಣಬೇಕು. ನೀವು ಹೇಳಿದ ಹೊಗೆಗೆ ಮೂಲ ಬಹುಪಾಲು ಅಲ್ಲೇ: ಒತ್ತುವುದು ಒಂದು ಕ್ಷಣ, ಎಳೆಯುವುದು ಇನ್ನೊಂದು ಕ್ಷಣ. ತುಟಿ ಬಿಗಿಯಾಗಿ ಮುಚ್ಚದಿದ್ದರೂ ಹೀಗಾಗುತ್ತದೆ. ಕೈಗೂ ಉಸಿರಿಗೂ ಹೊಂದಿಕೆಯೇ ಬಾರದವರಿಗೆ ಸ್ಪೇಸರ್ (ಸ್ಪ್ರೇಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ) ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಮತ್ತೊಬ್ಬರು: ಸ್ಪೇಸರ್ ತೋರಿಸುವುದಾದರೆ ತೊಳೆಯುವುದನ್ನೂ ತೋರಿಸಿ. ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಬೇಕು. ಪ್ಲಾಸ್ಟಿಕ್ ಅನ್ನು ಉಜ್ಜಿದರೆ ಸ್ಥಾಯೀ ವಿದ್ಯುತ್ ಹುಟ್ಟಿ ಔಷಧ ಸ್ಪೇಸರ್‌ನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಸ್ಟೀರಾಯ್ಡ್ ಇನ್‌ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗಿಯುವವರೆಗೂ ವೀಡಿಯೊ ಮುಗಿಯಬಾರದು.

ಪ್ರಶ್ನೆ ಕೇಳಿದವರು: ಇಷ್ಟೆಲ್ಲ ಸರಿಪಡಿಸಿದರೆ ವೀಡಿಯೊ ಕಳುಹಿಸಿ ಸುಮ್ಮನಿರಬಹುದೇ?

ಉತ್ತರ: ಇಲ್ಲ. ವೀಡಿಯೊಗೆ ರೋಗಿ ಕಾಣುವುದಿಲ್ಲ. ಔಷಧವಿಲ್ಲದ ಅಭ್ಯಾಸದ ಇನ್‌ಹೇಲರ್ ಕೈಗೆ ಕೊಟ್ಟು ಮಾಡಿಸಿ, ತಪ್ಪಿದ ಹಂತವನ್ನಷ್ಟೇ ತಿದ್ದಿ, ಮತ್ತೆ ಮಾಡಿಸಿ. ಮುಂದಿನ ಭೇಟಿಯಲ್ಲೂ ಮಾಡಿಸಿ ನೋಡಿ. ಸರಿಯಾಗಿ ಕಲಿತವರ ಕ್ರಮವೂ ದಿನ ಕಳೆದಂತೆ ಜಾರುತ್ತದೆ.